ಸ್ಪ್ರೇ ಹೊಡೆದರೆ ನಂಬಿಕೆ ಬರುತ್ತಾ?

ಆಕ್ಸಿಟೋಸಿನ್ ‘ಪ್ರೀತಿಯ ಹಾರ್ಮೋನ್’, ಅದು ಏರಿದರೆ ಜನ ಒಬ್ಬರನ್ನೊಬ್ಬರು ನಂಬುತ್ತಾರೆ ಅನ್ನೋ ಮಾತು ಎಷ್ಟೋ ಕಡೆ ಕೇಳುತ್ತೇವೆ. ವಿಷಯ ಅಷ್ಟು ಸಲೀಸಲ್ಲ. ಈ ಮಾತು ಇಷ್ಟು ಹಬ್ಬಿದ್ದು 2005ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ಒಂದು ಪ್ರಯೋಗದಿಂದ. ಮೂಗಿಗೆ ಆಕ್ಸಿಟೋಸಿನ್ ಸ್ಪ್ರೇ ಹಾಕಿಸಿಕೊಂಡವರಲ್ಲಿ 45% ಜನ ಪ್ರಯೋಗದ ಆಟಕ್ಕೆಂದು ಸಿಕ್ಕಿದ್ದ ಅಷ್ಟೂ ಹಣವನ್ನು, ವಾಪಸ್ ಬರುತ್ತೆ ಅಂತ ನಂಬಿ, ಗುರುತೇ ಇಲ್ಲದವರ ಕೈಗೆ ಕೊಟ್ಟರು, ಔಷಧಿ ಇಲ್ಲದ ಸುಮ್ನೆ ಸ್ಪ್ರೇ ಹಾಕಿಸಿಕೊಂಡವರಲ್ಲಿ ಹಾಗೆ ಮಾಡಿದ್ದು 21%. ಕೇಳೋಕೆ ಭಾರಿ ಅನ್ನಿಸುತ್ತೆ ಅಲ್ವಾ? ಆದರೆ ಭಾಗವಹಿಸಿದವರು ಕಡಿಮೆ, ಎಲ್ಲರೂ ಗಂಡಸರು. 2020ರಲ್ಲಿ ಇನ್ನೂ ಜಾಸ್ತಿ ಜನರನ್ನು ಸೇರಿಸಿ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲೇ ಇಲ್ಲ.

ಇನ್ನೊಂದು, ಈ ಹಾರ್ಮೋನ್ ಎಲ್ಲರ ಮೇಲೂ ಒಂದೇ ಥರ ಪ್ರೀತಿ ಹುಟ್ಟಿಸುತ್ತೆ ಅನ್ನೋದೂ ಅನುಮಾನವೇ. ನೆದರ್ಲೆಂಡ್ಸ್‌ನ ಸಂಶೋಧಕರಿಗೆ ಕಂಡದ್ದು ‘ನಮ್ಮವರು’ ಅನ್ನೋ ಒಲವು ಹೆಚ್ಚಾಗಿದ್ದು, ಹೊರಗಿನವರ ಮೇಲೆ ಪ್ರೀತಿ ಉಕ್ಕಿದ್ದಲ್ಲ.

ನನಗೆ ತುಂಬಾ ಹಿಡಿಸಿದ್ದು ಪ್ರೇರಿ ವೋಲ್ ಕಥೆ. ಇಲಿ ಜಾತಿಯ ಪುಟ್ಟ ಪ್ರಾಣಿ, ಜೋಡಿಯಾದರೆ ಜೊತೆಗೇ ಬಾಳುತ್ತೆ, ಅದಕ್ಕೆ ಆಕ್ಸಿಟೋಸಿನ್ನೇ ಕಾರಣ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದರು. 2023ರಲ್ಲಿ ಜೀನ್ ತಿದ್ದಿ ಆಕ್ಸಿಟೋಸಿನ್ ರಿಸೆಪ್ಟರೇ (ಜೀವಕೋಶದಲ್ಲಿ ಆ ಹಾರ್ಮೋನನ್ನು ಗುರುತಿಸೋ ಭಾಗ) ಇಲ್ಲದ ವೋಲ್‌ಗಳನ್ನು ಹುಟ್ಟಿಸಿದರೆ ಅವೂ ಜೋಡಿಯಾದವು, ಮರಿ ಹಾಕಿ ಹಾಲೂ ಕೊಟ್ಟವು!

ಆಕ್ಸಿಟೋಸಿನ್‌ಗೆ ಕೆಲಸವೇ ಇಲ್ಲ ಅಂತಲ್ಲ. ಮನುಷ್ಯರಲ್ಲಿ ಹೆರಿಗೆಯಲ್ಲಿ, ಎದೆಹಾಲು ಇಳಿಯೋದರಲ್ಲಿ ಅದರ ಪಾತ್ರ ಗಟ್ಟಿಯಾಗಿ ಗೊತ್ತಿರೋದು. ಆದರೆ ‘ನಂಬಿಕೆಯ ಸ್ಪ್ರೇ’ ಅಂತ ಆನ್‌ಲೈನ್‌ನಲ್ಲಿ ಮಾರೋ ಬಾಟಲಿಗೆ ದುಡ್ಡು ಹಾಕಬೇಡಿ.