ನಮ್ಮ ಕರಿ ಕವರ್ ಮತ್ತು ಬಂಗಾಳಕೊಲ್ಲಿ

ಕಳೆದ ವಾರ ಚಿಕ್ಕಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಮಡಕೆ ಬಿಟ್ಟಾಯಿತು, ಹೂವು ಬಿಟ್ಟಾಯಿತು. ಆಮೇಲೆ ಹೂವು ತಂದಿದ್ದ ಕರಿ ಕವರನ್ನೂ ನಮ್ಮವರೇ ಒಬ್ಬರು ನೀರಿಗೆ ಎಸೆದರು. ಕವರ್ ಗಾಳಿ ತುಂಬಿಕೊಂಡು, ಯಾರದೋ ಹಳೇ ಪಂಚೆ ಸಿಕ್ಕಿಕೊಂಡಿದ್ದ ಕಲ್ಲನ್ನು ಬಳಸಿಕೊಂಡು ಮುಂದೆ ಹೋಯಿತು. ನಾನೂ ಸುಮ್ನೆ ನೋಡುತ್ತಾ ನಿಂತಿದ್ದೆ. ಸಾವಾದ ಮನೆಯವರಿಗೆ ಆ ಹೊತ್ತಲ್ಲಿ ಏನಂತ ಹೇಳೋದು?

ಮಂಡ್ಯದವರಿಗೆ ಸಮುದ್ರ ಅಂದರೆ ಶಿವನಸಮುದ್ರ. ಆದರೆ ಕಾವೇರಿ ಹೊಳೆ ಅಲ್ಲಿಗೇ ನಿಲ್ಲಲ್ಲ, ಪೂಂಪುಹಾರ್ ಹತ್ತಿರ ಬಂಗಾಳಕೊಲ್ಲಿ ಸೇರುತ್ತದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ ನಾವು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕು, ಅದನ್ನು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯುತ್ತಾರೆ. ಎಷ್ಟು ನೀರು ಅಂತ ಜಗಳ ಆಡಿದ್ದೇವೆ. ನೀರಿನಲ್ಲಿ ಏನೇನಿದೆ ಅಂತ ಯಾವತ್ತಾದರೂ ಕೇಳಿದ್ದೇವಾ? ಬಿಳಿಗುಂಡ್ಲುವಿನ ಲೆಕ್ಕದಲ್ಲಿ ಕವರ್ ಬರಲ್ಲ.

ಕಡಲಿಗೆ ಬಿದ್ದ ಮೇಲೆ ಅದು ಬರೀ ನಮ್ಮ ತಲೆನೋವೂ ಅಲ್ಲ. 1974ರಲ್ಲೇ ವಿಶ್ವಸಂಸ್ಥೆಯ ಪರಿಸರ ವಿಭಾಗ ಒಂದು ಉಪಾಯ ಮಾಡಿತು: ಒಂದೊಂದು ಕಡಲಿನ ಸುತ್ತ ಇರುವ ದೇಶಗಳೇ ಸೇರಿ ಆ ಕಡಲನ್ನು ನೋಡಿಕೊಳ್ಳಲಿ. ಮೊದಲು ಕೈಹಾಕಿದ್ದು ಮೆಡಿಟರೇನಿಯನ್‌ಗೆ. ಈಜಿಪ್ಟ್ ಮತ್ತು ಇಸ್ರೇಲ್ 1973ರಲ್ಲಿ ಯುದ್ಧ ಮಾಡಿದ್ದವು. ಮರುವರ್ಷ ಸೈಪ್ರಸ್ ವಿಷಯದಲ್ಲಿ ಗ್ರೀಸಿಗೂ ಟರ್ಕಿಗೂ ಕಿತ್ತಾಟ. ಅಂಥವರೂ 1976ರಲ್ಲಿ ಬಾರ್ಸಿಲೋನಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. 1980ರಲ್ಲಿ ಇನ್ನೊಂದು ಕರಾರು ಬಂತು, ನೆಲದಿಂದ ಹರಿದು ಬರುವ ಕೊಳೆಯನ್ನು ತಡೆಯೋದಕ್ಕೆ ಅಂತಾನೇ. ಅಂದರೆ ಹೊಳೆ, ಚರಂಡಿ, ನಮ್ಮ ಕವರ್ ಥರದ್ದು.

ನಮ್ಮ ಕಡೆ? ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ 1995ರಲ್ಲಿ ದೆಹಲಿಯಲ್ಲಿ ಒಂದು ಕ್ರಿಯಾ ಯೋಜನೆ ಒಪ್ಪಿಕೊಂಡವು. ಕಚೇರಿ ಕೊಲಂಬೋದಲ್ಲಿದೆ. ಆದರೆ ಮೆಡಿಟರೇನಿಯನ್‌ನವರ ಹಾಗೆ ಕಾನೂನಿನ ಬಲ ಇರುವ ಒಪ್ಪಂದ ಇಲ್ಲ. ಯೋಜನೆ ಇದೆ, ಹಗ್ಗ ಇಲ್ಲ.

ಇದರ ಬೆಲೆ ಏನು ಅಂತ 2021ರಲ್ಲಿ ಕಂಡಿತು. ಎಕ್ಸ್‌ಪ್ರೆಸ್ ಪರ್ಲ್ ಹಡಗಿನ ಒಂದು ಕಂಟೇನರ್‌ನಲ್ಲಿ ಆಸಿಡ್ ಸೋರುತ್ತಿತ್ತು. ಕತಾರ್‌ನ ಬಂದರಿನಲ್ಲೂ ನಮ್ಮ ಗುಜರಾತಿನ ಹಜೀರಾದಲ್ಲೂ ಅದನ್ನು ಇಳಿಸಿಕೊಳ್ಳಲಿಲ್ಲ. ಕೊನೆಗೆ ಕೊಲಂಬೋ ಎದುರು ಹಡಗು ಹೊತ್ತಿ ಉರಿದು ಮುಳುಗಿತು. ಸಬ್ಬಕ್ಕಿಯಷ್ಟು ಸಣ್ಣ ಪ್ಲಾಸ್ಟಿಕ್ ಕಾಳುಗಳು ಟನ್‌ಗಟ್ಟಲೆ ದಡಕ್ಕೆ ಬಂದವು. ಜನ ಮರಳನ್ನು ಜರಡಿ ಹಿಡಿದು ಆರಿಸಿದರು. ಮೀನುಗಾರರ ದೋಣಿ ದಡದಲ್ಲೇ ನಿಂತಿತು.

'ಪಾಕಿಸ್ತಾನದ ಜೊತೆ ಒಪ್ಪಂದಾನಾ?' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇಲ್ಲಿ ಹೆದ್ದಾರಿಯಲ್ಲಿ ಟೈರ್ ಸುಡುತ್ತಿದ್ದಾಗಲೂ ಎರಡೂ ರಾಜ್ಯದ ಅಧಿಕಾರಿಗಳು ಕಾವೇರಿ ಪ್ರಾಧಿಕಾರದ ಸಭೆಯಲ್ಲಿ ಕೂತು ಕ್ಯೂಸೆಕ್ ಲೆಕ್ಕ ಹಾಕಿದ್ದಾರೆ. ಜಗಳ ಇದ್ದಾಗಲೇ ಸಭೆ ಬೇಕಾಗೋದು ಅಂತ ಮಂಡ್ಯದವರಿಗೆ ಬೇರೆಯವರು ಹೇಳಿಕೊಡಬೇಕಾ?