ಆರತಕ್ಷತೆಗೆ ಒಬ್ಬರು, ಧಾರೆಗೆ ಒಬ್ಬರು

ಕಳೆದ 11 ವರ್ಷಗಳಲ್ಲಿ ನಮ್ಮ ನೆಂಟರಿಷ್ಟರಲ್ಲಿ ನಡೆದ ಯಾವ ಮದುವೆಗೂ ನಾನು ಮತ್ತು ನನ್ನ ಹೆಂಡತಿ ಜೊತೆಯಾಗಿ ಹೋದದ್ದಿಲ್ಲ. ಹಿಂದಿನ ರಾತ್ರಿಯ ಆರತಕ್ಷತೆಗೆ ನಾನು ಹೋಗಿ ಬಂದರೆ ಮರುದಿನ ಬೆಳಿಗ್ಗೆ ಧಾರೆಗೆ ಅವಳು ಹೋಗುತ್ತಾಳೆ. ಇಲ್ಲವೇ ಅವಳು ಆರತಕ್ಷತೆಗೆ, ನಾನು ಧಾರೆಗೆ. ನಮ್ಮ ಮಗನಿಗೆ ಈಗ 14 ವರ್ಷ. ಆಟಿಸಂ ಇದೆ, ಜೊತೆಗೆ ಬುದ್ಧಿಯ ಬೆಳವಣಿಗೆಯೂ ವಯಸ್ಸಿಗೆ ತಕ್ಕಷ್ಟಾಗಿಲ್ಲ. ಗಟ್ಟಿಮೇಳ ಶುರುವಾಯಿತೆಂದರೆ ಎರಡೂ ಕಿವಿ ಮುಚ್ಚಿಕೊಂಡು ಕೂತಲ್ಲೇ ಕಿರುಚತೊಡಗುತ್ತಾನೆ. ಯಾರ ಮದುವೆಯ ವಿಡಿಯೋದಲ್ಲೂ ನಾವಿಬ್ಬರೂ ಒಟ್ಟಿಗೆ ಕಾಣಿಸದಿರುವುದನ್ನು ಗಮನಿಸಿದ ದೂರದ ಚಿಕ್ಕಮ್ಮನೊಬ್ಬರು, ನಮ್ಮ ಸಂಸಾರ ಸರಿಯಿಲ್ಲವೆಂದೇ ತಿಳಿದು ನನ್ನ ತಾಯಿಯನ್ನು ಗುಟ್ಟಾಗಿ ವಿಚಾರಿಸಿದ್ದರಂತೆ.

ಇಂಥ ಮಕ್ಕಳಿರುವ ಮನೆಗಳಿಗೆ ಸರ್ಕಾರ ಏನನ್ನೂ ಮಾಡಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು, ಅವುಗಳಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆ ಪಟ್ಟಿ 21ಕ್ಕೆ ಏರಿ ಆಟಿಸಂಗೂ ಸ್ಥಾನ ಸಿಕ್ಕಿತು. ಅದಕ್ಕೂ ಮೊದಲೇ, 1999ರಲ್ಲಿ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿಯೇ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಿತ್ತು. ಆ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಖರ್ಚನ್ನು, ಥೆರಪಿಯನ್ನೂ ಸೇರಿಸಿಕೊಂಡು, ಭರಿಸುತ್ತದೆ. ನಮಗೂ ಅದರಿಂದ ಅನುಕೂಲವಾಗಿದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆ, ಮಾಸಾಶನವಿದೆ, ಸಮಗ್ರ ಶಿಕ್ಷಣದಡಿ ಮನೆಗೇ ಬಂದು ಕಲಿಸುವ ವ್ಯವಸ್ಥೆಯಿದೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಂಥದ್ದು ಬಸ್ಸಿನ ದಾರಿಯಲ್ಲಿರುವುದು ನಮ್ಮ ಕಡೆಯವರ ಪುಣ್ಯವೆಂದೇ ನಾನು ಭಾವಿಸಿದ್ದೇನೆ. ಇಷ್ಟೆಲ್ಲ ಇದ್ದರೂ ನನ್ನ ಹೆಂಡತಿಯ ದಿನದಲ್ಲಿ ಒಂದು ಗಂಟೆಯೂ ಬಿಡುವಾಗಿಲ್ಲ ಎಂಬುದನ್ನು ನಾನು ತೀರ ತಡವಾಗಿ ಗಮನಿಸಿದೆ.

ಒಂದು ಖಾಸಗಿ ಥೆರಪಿ ಕೇಂದ್ರಕ್ಕೆ ನಾವು ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ ಹೋಗುತ್ತಿದ್ದವಳು ಅವಳು, ನಾನು ರಜೆಯ ದಿನಗಳಲ್ಲಿ ಮಾತ್ರ. ಹೊರಗಿನ ಬೆಂಚಿನ ಮೇಲೆ ಕೂತವರೆಲ್ಲ ತಾಯಂದಿರು ಅಥವಾ ಅಜ್ಜಿಯರು. ಅಲ್ಲಿ ಕಂಡ ಒಬ್ಬ ಹೆಣ್ಣುಮಗಳನ್ನು ಇಂದಿಗೂ ಮರೆಯಲಾಗಿಲ್ಲ. ಆಕೆ ತನ್ನ ಸೀರೆಯ ಸೆರಗನ್ನು ಮಗುವಿನ ಸೊಂಟದ ಉಡಿದಾರಕ್ಕೆ ಗಂಟು ಹಾಕಿ, ಅದು ಎಳೆದ ಕಡೆಗೆಲ್ಲ ವಾಲುತ್ತಾ, ಎಡಗೈಯಲ್ಲಿ ಡಬ್ಬಿ ಹಿಡಿದು ಚಿತ್ರಾನ್ನ ತಿನ್ನುತ್ತಿದ್ದಳು. ಮುಕ್ಕಾಲು ಗಂಟೆಯ ಥೆರಪಿ ಮುಗಿದ ಮೇಲೆ ಆಕೆಯ ಕೈಗೂ ನಮ್ಮ ಕೈಗೂ ಒಂದೊಂದು ಹಾಳೆ ಬಂತು: ಮನೆಯಲ್ಲಿ ಇದನ್ನು ದಿನಕ್ಕೆ ನಾಲ್ಕು ಸಲ ಮಾಡಿಸಿ, ಇದನ್ನು ಊಟಕ್ಕೆ ಮೊದಲು ಮಾಡಿಸಿ, ಮಾಡಿಸಿದ್ದನ್ನು ಬರೆದಿಡಿ. ಥೆರಪಿಸ್ಟ್ ಹೇಳಿದ್ದು ತಪ್ಪಲ್ಲ; ಮನೆಯಲ್ಲಿ ಮುಂದುವರಿಸದಿದ್ದರೆ ಮುಕ್ಕಾಲು ಗಂಟೆಯ ಕಲಿಕೆ ಉಳಿಯುವುದಿಲ್ಲ. ಆದರೆ ಹಾಗೆ ಸ್ಪೀಚ್ ಥೆರಪಿಯ ಹಾಳೆ, ಆಕ್ಯುಪೇಷನಲ್ ಥೆರಪಿಯ ಹಾಳೆ, ವಿಶೇಷ ಶಿಕ್ಷಕಿಯ ಹಾಳೆ ಎಂದು ನಮ್ಮ ಫ್ರಿಜ್ಜಿನ ಬಾಗಿಲು ತುಂಬಿಹೋಗಿತ್ತು. ನಮ್ಮ ಮನೆಗೆ ಬಂದ ಪ್ರತಿಯೊಂದು ಸೇವೆಯೂ ಅವಳಿಗೆ ಹೊಸದೊಂದು ಕೆಲಸವನ್ನು ಒಪ್ಪಿಸಿ ಹೋಯಿತೇ ಹೊರತು, ಇದ್ದ ಕೆಲಸದಲ್ಲಿ ಒಂದನ್ನಾದರೂ ತಾನು ಎತ್ತಿಕೊಂಡು ಹೋಗಲಿಲ್ಲ.

ಕುಕ್ಕರ್ ಕೂಗಿದರೆ ಮಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆಂದು ಆರು ವರ್ಷಗಳಿಂದ ಅವಳು ತಪ್ಪಲೆಯಲ್ಲೇ ಅನ್ನ ಬಸಿಯುತ್ತಾಳೆ, ಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತಾಳೆ. ಊರಿನಲ್ಲಿ ಅವಳಿಗೊಂದು ಹೊಲಿಗೆ ಅಂಗಡಿಯಿತ್ತು, ಅದನ್ನು ಮುಚ್ಚಿದಳು. ಇವನ್ನು ಬರೆದುಕೊಳ್ಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ಕಾಯ್ದೆ ಮಾಡಿದವರಿಗೆ ಇದು ಹೊಳೆದೇ ಇರಲಿಲ್ಲವೆನ್ನಲಾಗದು. 2016ರ ಕಾಯ್ದೆಯಲ್ಲಿ ಆರೈಕೆದಾರರು ಯಾರೆಂಬುದಕ್ಕೆ ಅರ್ಥವಿವರಣೆಯಿದೆ. ಹಣ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಂದೆತಾಯಿಯರೂ ಮನೆಯವರೂ ಅದರೊಳಗೆ ಬರುತ್ತಾರೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನು 24ನೇ ಸೆಕ್ಷನ್ ಆಡುತ್ತದೆ. 2024ರ ಏಪ್ರಿಲ್‌ನಲ್ಲಿ, ಹಿಮಾಚಲ ಪ್ರದೇಶದ ಪ್ರಾಧ್ಯಾಪಕಿಯೊಬ್ಬರ ಮೊಕದ್ದಮೆಯಲ್ಲಿ, ವಿಕಲಚೇತನ ಮಕ್ಕಳ ತಾಯಂದಿರಿಗೆ ಶಿಶುಪಾಲನಾ ರಜೆ ಕೊಡುವ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಗಂಭೀರವಾಗಿ ಎತ್ತಿಕೊಂಡಿತು. ಸಂತೋಷವೇ. ಆದರೆ ರಜೆ ಸರ್ಕಾರಿ ನೌಕರಿ ಇದ್ದವರಿಗೆ, ವಿಕಲಚೇತನ ಅವಲಂಬಿತರ ಆರೈಕೆಗೆಂದು ಸಿಗುವ ಆದಾಯ ತೆರಿಗೆ ವಿನಾಯಿತಿ ತೆರಿಗೆ ಕಟ್ಟುವವರಿಗೆ, ಅದೂ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ. ಸೆರಗು ಗಂಟು ಹಾಕಿಕೊಂಡು ಕೂತಿದ್ದ ಆ ಹೆಣ್ಣುಮಗಳು ಇವೆರಡರಲ್ಲಿ ಯಾವುದಕ್ಕೆ ಅರ್ಜಿ ಹಾಕಬೇಕು?

ನಾನು ಕೇಳುತ್ತಿರುವುದು ದೊಡ್ಡ ಕಟ್ಟಡವನ್ನಲ್ಲ. ನಂಬಿಕಸ್ಥರೂ ತರಬೇತಾದವರೂ ಆದ ಯಾರಾದರೂ ವಾರಕ್ಕೆ ಆರೇಳು ಗಂಟೆ ಮಗುವನ್ನು ನೋಡಿಕೊಳ್ಳುವಂತಾಗಬೇಕು, ಅವರ ಸಂಬಳವನ್ನು ಊರು ಕೊಡಬೇಕು. ನ್ಯಾಷನಲ್ ಟ್ರಸ್ಟಿನ ‘ಸಮರ್ಥ್’ ಯೋಜನೆಯ ಹಿಂದೆ ಇಂಥ ವಿರಾಮ ಆರೈಕೆಯ ವಿಚಾರವೇ ಇತ್ತು, ಆದರೆ ಅದು ವಸತಿ ಕೇಂದ್ರದ ರೂಪದಲ್ಲಿ ಬಂತು. ಹಳ್ಳಿಯ ತಾಯಿಗೆ ಬೇಕಾದದ್ದು ಶನಿವಾರ ಮಧ್ಯಾಹ್ನದ ಮೂರು ಗಂಟೆ, ತನ್ನದೇ ಬೀದಿಯಲ್ಲಿ. ನಮ್ಮ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ, ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಕಂದಮ್ಮಗಳಿಗೆ ಪಂಚಾಯಿತಿಗಳೇ ‘ಕೂಸಿನ ಮನೆ’ ನಡೆಸಬಲ್ಲವಾದರೆ, ಊರಿನ ನಾಲ್ಕೈದು ವಿಶೇಷ ಮಕ್ಕಳಿಗೆ ವಾರದಲ್ಲಿ ಎರಡು ಮಧ್ಯಾಹ್ನಗಳನ್ನು ಏಕೆ ಒದಗಿಸಲಾಗದು? ಮಾತು ಬಾರದ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು, ಪರರ ಕೈಗೆ ಹೇಗೆ ಒಪ್ಪಿಸುವುದೆಂದು ತಾಯಂದಿರು ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಒಬ್ಬರೇ ಇರದೆ ಇಬ್ಬರು ಹೆಂಗಸರಿರಲಿ, ಜಾಗ ಎಲ್ಲರ ಕಣ್ಣಿಗೆ ಬೀಳುವ ಅಂಗನವಾಡಿಯಾಗಿರಲಿ, ತಾಯಿ ಮೊದಲ ಒಂದು ತಿಂಗಳು ಅಲ್ಲೇ ಕೂತು ನೋಡಲಿ.

ಕಳೆದ ಕಾರ್ತಿಕದಿಂದ ನಮ್ಮ ಬೀದಿಯ ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಶನಿವಾರಗಳಂದು ಮಗನನ್ನು ನೋಡಿಕೊಳ್ಳುತ್ತಿದ್ದಾರೆ. ಮೊದಲು ದುಡ್ಡು ಬೇಡವೆಂದರು. “ಅಕ್ಕಾ, ಇದು ಉಪಕಾರವಾದರೆ ನಾವು ಮತ್ತೆ ಕೇಳೋಕೆ ಆಗಲ್ಲ, ಕೆಲಸ ಅಂದ್ರೆ ಕೇಳಬಹುದು” ಎಂದು ನನ್ನ ಹೆಂಡತಿ ಹೇಳಿದ ಮೇಲೆ ಒಪ್ಪಿಕೊಂಡರು. ಮೊದಲ ಶನಿವಾರ ನಾವಿಬ್ಬರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತರಿಸಿಕೊಂಡು, ಮಾತಾಡಲು ಏನೂ ತೋಚದೆ, ಮಗನ ಬಗ್ಗೆಯೇ ಮಾತಾಡಿ, ನಲವತ್ತು ನಿಮಿಷ ಮೊದಲೇ ಮನೆಗೆ ಓಡಿಬಂದೆವು. ಅವನು ಅವರ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದ. ಕಾಳುಗಳನ್ನು ಮೊರದ ಅಂಚಿನಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದ್ದ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ತಿಂಗಳು ಅವರು ಮಗಳ ಬಾಣಂತನಕ್ಕೆಂದು ಮಂಡ್ಯಕ್ಕೆ ಹೋಗುತ್ತಾರೆ, ಮೂರು ತಿಂಗಳು ಬರುವುದಿಲ್ಲ. ಅವರ ಜಾಗಕ್ಕೆ ಬೇರೆ ಯಾರನ್ನಾದರೂ ಕಳಿಸಿಕೊಡಿ ಎಂದು ಹೋಗಿ ಕೇಳುವುದಕ್ಕೆ ನಮ್ಮ ತಾಲ್ಲೂಕಿನಲ್ಲಿ ಒಂದು ಕಚೇರಿಯೂ ಇಲ್ಲ.