‘ವೋಟ್ ಬ್ಯಾಂಕ್’ ಎಂಬ ಮಾತಿಗೆ ಎಷ್ಟು ಪಾಯಿಂಟು?

ಚುನಾವಣೆ ಬಂತೆಂದರೆ ಪತ್ರಿಕೆಗಳಿಂದ ಹಿಡಿದು ಚಹಾದಂಗಡಿಯವರೆಗೆ ಎಲ್ಲರೂ ಬಳಸುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಸಮಾಜಶಾಸ್ತ್ರದ ಬರವಣಿಗೆಗೆ ತಂದವರು ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಹಳ್ಳಿಯೊಂದರ ಸಾಮಾಜಿಕ ವ್ಯವಸ್ಥೆಯನ್ನು ಕುರಿತು 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಅದನ್ನು ಬಳಸಿದರು. ಇಂದು ಆ ಮಾತನ್ನಾಡುವ ಯಾರೂ ಅವರ ಹೆಸರು ಹೇಳುವುದಿಲ್ಲ, ಹೇಳಬೇಕೆಂದೂ ಇಲ್ಲ. ವಿಚಾರವೊಂದು ಎಲ್ಲರ ಮಾತಿನಲ್ಲಿ ಬೆರೆತಷ್ಟೂ ಅದರ ಮೂಲ ಅಳಿಸಿಹೋಗುತ್ತದೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ಹಾಗಾದರೆ ಒಂದು ಬರಹವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂದು ಎಣಿಸಿ ವಿದ್ವತ್ತಿನ ಪ್ರಭಾವವನ್ನು ಅಳೆಯುವವರ ಲೆಕ್ಕದಲ್ಲಿ, ಅತ್ಯಂತ ಆಳವಾಗಿ ಇಳಿದ ವಿಚಾರವೇ ಕಾಣದೆ ಹೋಗಬಹುದು.

ಕೆಲವು ವರ್ಷಗಳ ಹಿಂದೆ ಅಧ್ಯಾಪಕನಾದ ನನ್ನ ಬಡ್ತಿಯ ಸಂದರ್ಶನಕ್ಕೆ ಹೋದಾಗ ಇದು ನೆನಪಾಗಿತ್ತು. ಸ್ಪೈರಲ್ ಬೈಂಡಿಂಗ್ ಮಾಡಿಸಿದ ದಪ್ಪ ಕಡತದಲ್ಲಿ ನನ್ನ ಲೇಖನಗಳೆಲ್ಲ ಇದ್ದವು. ಸಮಿತಿಯ ಹಿರಿಯರು ಪ್ರತಿ ಲೇಖನದ ಮೊದಲ ಪುಟ ತಿರುವಿ, ಅದು ಬಂದ ಪತ್ರಿಕೆಯ ಗುರುತಾದ ಐಎಸ್‌ಎಸ್‌ಎನ್ ಸಂಖ್ಯೆ ನೋಡಿ, ಪೆನ್ಸಿಲಿನಿಂದ ಗುರುತು ಹಾಕಿ ಮುಂದಕ್ಕೆ ಹೋದರು. ಲೇಖನ ಯಾವುದರ ಬಗ್ಗೆ ಎಂದು ಯಾರೂ ಕೇಳಲಿಲ್ಲ. ನನಗೆ ಬಡ್ತಿ ಸಿಕ್ಕಿತು, ಆದ್ದರಿಂದ ಇದು ಸೋತವನ ಅಳಲಲ್ಲ.

ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಸೂಚಿಯನ್ನು ಕಟ್ಟಿದ ಯೂಜೀನ್ ಗಾರ್ಫೀಲ್ಡ್ ಅವರ ಮೂಲ ಉದ್ದೇಶ, ಸಂಬಂಧಪಟ್ಟ ಲೇಖನಗಳು ಓದುಗನಿಗೆ ಸುಲಭವಾಗಿ ಸಿಗಲಿ ಎಂಬುದಾಗಿತ್ತು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಳತೆ ಕೂಡ ಯಾವ ನಿಯತಕಾಲಿಕಗಳನ್ನು ಸೂಚಿಗೆ ಸೇರಿಸಬೇಕು ಎಂದು ತೀರ್ಮಾನಿಸಲು ಹುಟ್ಟಿದ್ದು. ಅದು ಪತ್ರಿಕೆಯ ಲೇಖನಗಳಿಗೆ ಬರುವ ಉಲ್ಲೇಖಗಳ ಸರಾಸರಿಯೇ ಹೊರತು ಬರೆದವನ ಯೋಗ್ಯತೆಯಲ್ಲ. ಅದರ ಲೆಕ್ಕ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಬಂದ ಉಲ್ಲೇಖಗಳ ಮೇಲೆ ನಿಂತಿದೆ. ಸಂಶೋಧನೆಯ ಫಲ ತಿಂಗಳುಗಳಲ್ಲಿ ಕೈಗೆ ಬರುವ ಜೀವವಿಜ್ಞಾನದಂಥ ಶಾಸ್ತ್ರಗಳಿಗೆ ಈ ಅವಧಿ ಸರಿಹೋಗಬಹುದು. ಆದರೆ ಶ್ರೀನಿವಾಸರು 1948ರಲ್ಲಿ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿ, ತಾವು ಸಂಸ್ಕರಿಸಿಟ್ಟ ಟಿಪ್ಪಣಿಗಳನ್ನು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬಿದ್ದ ಬೆಂಕಿಯಲ್ಲಿ ಕಳೆದುಕೊಂಡು, ನೆನಪಿನಿಂದ ಬರೆದ ಪುಸ್ತಕ ಹೊರಬಂದದ್ದು 1976ರಲ್ಲಿ. ಇಪ್ಪತ್ತೆಂಟು ವರ್ಷ! ಇಂಥದ್ದನ್ನು ಎರಡು ವರ್ಷದ ಕಿಟಕಿಯಿಂದ ನೋಡುವುದೆಂದರೆ ಬಟ್ಟೆಯನ್ನು ಸೇರಿನಲ್ಲಿ ಅಳೆದಂತೆ. ಭೌತಶಾಸ್ತ್ರಜ್ಞ ಹಿರ್ಷ್ 2005ರಲ್ಲಿ ಕೊಟ್ಟ ಎಚ್-ಇಂಡೆಕ್ಸ್ (ತಲಾ ಐದಾದರೂ ಉಲ್ಲೇಖ ಪಡೆದ ಐದು ಬರಹಗಳಿದ್ದರೆ ಅದು ಐದು) ಇನ್ನೂ ವಿಚಿತ್ರ: ಜೀವಮಾನವಿಡೀ ಒಂದೇ ಮಹಾಗ್ರಂಥ ಬರೆದು, ಅದಕ್ಕೆ ಹತ್ತು ಸಾವಿರ ಉಲ್ಲೇಖ ಬಂದರೂ ಆ ವಿದ್ವಾಂಸರ ಎಚ್-ಇಂಡೆಕ್ಸ್ ಕೇವಲ ಒಂದು.

ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಎಪಿಐ ಪಾಯಿಂಟುಗಳನ್ನು ತಂದಿತು. 2018ರ ನಿಯಮಾವಳಿಯಲ್ಲಿ ಸಮಾಜ ವಿಜ್ಞಾನದ ಒಂದು ಲೇಖನಕ್ಕೆ 10 ಅಂಕ, ರಾಷ್ಟ್ರೀಯ ಪ್ರಕಾಶಕರಿಂದ ಬಂದ ಇಡೀ ಪುಸ್ತಕಕ್ಕೂ 10 ಅಂಕ. ಐದು ವರ್ಷ ಹಳ್ಳಿ ಸುತ್ತಿ ಪುಸ್ತಕ ಬರೆಯುವ ಹುಚ್ಚು ಇನ್ನು ಯಾರಿಗಿರಬೇಕು? ಪಾಯಿಂಟು ಬೇಕಾದವರಿಗೆ ದುಡ್ಡು ಪಡೆದು ಅಚ್ಚು ಹಾಕಿಕೊಡುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಯುಜಿಸಿ ತಾನೇ ಮಾನ್ಯ ಮಾಡಿದ ಪತ್ರಿಕೆಗಳ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತೆಗೆದುಹಾಕಿತು, ಬಳಿಕ ಅದರ ಬದಲು ‘ಕೇರ್’ ಎಂಬ ಹೊಸ ಪಟ್ಟಿ ತಂದಿತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟಿತು.

ಆದರೂ ಪಾಯಿಂಟು ಬರುವುದಕ್ಕೆ ಮುಂಚಿನ ಕಾಲ ಚಿನ್ನದ ಕಾಲವಾಗಿತ್ತೆಂದು ನಾನು ಹೇಳಲಾರೆ. ಜಾತಿ, ಗುರುಕೃಪೆ, ಕುಲಪತಿಗಳ ಮರ್ಜಿ, ಇವುಗಳ ಎದುರು ಯಾರ ಬೆಂಬಲವೂ ಇಲ್ಲದ ಅಧ್ಯಾಪಕಿಯೊಬ್ಬರು ‘ನನ್ನ ಅಂಕ ಇಷ್ಟಿದೆ, ತಿರಸ್ಕರಿಸಲು ಕಾರಣ ಕೊಡಿ’ ಎಂದು ಕೇಳುವ ಧೈರ್ಯವನ್ನು ಕೊಟ್ಟದ್ದು ಈ ಒಣ ಸಂಖ್ಯೆಗಳೇ. ಅಂಕಗಳನ್ನು ಒಮ್ಮೆಗೇ ಕಿತ್ತೆಸೆಯಿರಿ ಎನ್ನುವ ಸಹೋದ್ಯೋಗಿಗಳ ಜತೆ ನನಗೆ ಭಿನ್ನಾಭಿಪ್ರಾಯವಿರುವುದು ಈ ಕಾರಣಕ್ಕೆ.

ಕನ್ನಡದ ವಿಷಯ ಬೇರೆಯೇ. ಜಾತ್ರೆ, ನೀರಾವರಿ, ಬೀಡಿ ಕಾರ್ಮಿಕರು, ಗ್ರಾಮ ಪಂಚಾಯಿತಿ ಇವುಗಳ ಬಗ್ಗೆ ಕನ್ನಡದಲ್ಲಿ ಬರೆದ ಅಧ್ಯಯನವನ್ನು ಇನ್ನೊಂದು ಕನ್ನಡ ಪುಸ್ತಕ ಉಲ್ಲೇಖಿಸಿದರೆ, ಆ ಅಡಿಟಿಪ್ಪಣಿ ಉಲ್ಲೇಖಗಳನ್ನು ಎಣಿಸುವ ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ದತ್ತಸಂಗ್ರಹದ ಲೆಕ್ಕಕ್ಕೆ ಬರುವುದು ಬಹುತೇಕ ಇಲ್ಲ. ಇದು ನಮ್ಮೊಬ್ಬರ ಗೋಳಲ್ಲ. ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವಾಗ ಪಾಲಿಸಬೇಕಾದ ತತ್ವಗಳನ್ನು ಹೇಳುವ 2015ರ ಲೈಡನ್ ಪ್ರಣಾಳಿಕೆ ಸ್ಪೇನಿನ ಉದಾಹರಣೆ ಕೊಡುತ್ತದೆ: ಇಂಗ್ಲಿಷ್ ಪತ್ರಿಕೆಗಳಲ್ಲಿ ಹೆಚ್ಚು ಉಲ್ಲೇಖ ಪಡೆಯುವ ಸಮಾಜಶಾಸ್ತ್ರಜ್ಞರು ಅಮೂರ್ತ ಮಾದರಿಗಳತ್ತ ಅಥವಾ ಅಮೆರಿಕದ ಅಂಕಿಅಂಶಗಳತ್ತ ವಾಲುತ್ತಾರೆ, ಸ್ಥಳೀಯ ಕಾರ್ಮಿಕ ಕಾನೂನು, ವೃದ್ಧರ ಆರೈಕೆಯಂಥ ವಿಷಯಗಳು ಬದಿಗೆ ಸರಿಯುತ್ತವೆ. ಆದರೆ ನಮ್ಮ ತಪ್ಪೂ ಇದೆ. ಎಷ್ಟೋ ಕನ್ನಡ ಸಂಶೋಧನ ಗ್ರಂಥಗಳಿಗೆ ಪದಸೂಚಿಯಿಲ್ಲ, ಆಕರಗಳಿಗೆ ಪುಟಸಂಖ್ಯೆಯಿಲ್ಲ. ಹಿಂದೆ ಬರೆದವರನ್ನು ಹೆಸರಿಸುವ ಸೌಜನ್ಯವನ್ನು ನಾವೇ ತೋರದಿದ್ದಾಗ ದೂರದ ಕಂಪ್ಯೂಟರನ್ನು ದೂರಿ ಫಲವೇನು?

ನಾನು ಕೇಳುವುದು ಇಷ್ಟು: ಅಂಕಪಟ್ಟಿ ಅರ್ಹತೆಯ ಕನಿಷ್ಠ ಗೆರೆಯಾಗಿ ಇರಲಿ. ಅದಕ್ಕಿಂತ ಮೇಲಿನ ತೀರ್ಮಾನಕ್ಕೆ, ಅಭ್ಯರ್ಥಿಯು ತಾನೇ ಆರಿಸಿಕೊಟ್ಟ ಮೂರು ಬರಹಗಳನ್ನು, ಅವು ಯಾವ ಭಾಷೆಯಲ್ಲಿದ್ದರೂ ಸರಿ, ಆ ಭಾಷೆ ಬಲ್ಲ ಇಬ್ಬರು ಓದಿ, ತಲಾ ಒಂದು ಪುಟದ ಅಭಿಪ್ರಾಯ ಬರೆದು, ಕೆಳಗೆ ಸಹಿ ಹಾಕಲಿ. ಆ ಪುಟದ ಒಂದು ಪ್ರತಿ ಅಭ್ಯರ್ಥಿಗೂ ಸಿಗಲಿ.